ಸಕ್ರವ್ವನ ಮನೆಯ ಪಾಳಿ

ನಾಶಿಕದ ನಮ್ಮ ಕನ್ನಡ ಸಂಘದ ಭಜನಾ ಮೇಳ ಶ್ರಾವಣದ ಪ್ರತಿ ಸೋಮವಾರ ಸಂಜೆ ಒಬ್ಬ ಸದಸ್ಯರ ಮನೆಗೆ ಹೋಗುತ್ತದೆ. ಯಾರ ಮನೆಗೆ ಎಂಬುದು ಪಾಳಿಯ ಮೇಲೆ. ಮೊದಲು ಕರೆದವರ ಮನೆಗೆ ಮೊದಲು, ಆಮೇಲೆ ಕರೆದವರ ಮನೆಗೆ ಆಮೇಲೆ. ಶ್ರಾವಣದಲ್ಲಿ ಸೋಮವಾರಗಳು ನಾಲ್ಕೋ ಐದೋ, ಸಂಘದಲ್ಲಿ ಮನೆಗಳು ನೂರಕ್ಕೂ ಮೇಲೆ. ಹಾಗಾಗಿ ಕರೆದವರು ಒಂದೆರಡು ವರ್ಷ ಕಾಯುವುದು ಇದ್ದೇ ಇದೆ. ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪಾಳಿ ಅಂದ ಮೇಲೆ ಅದು ಬಂದೇ ಬರುತ್ತದೆ ಎಂದು ಸುಮ್ಮನಿರುತ್ತಾರೆ.

ಆ ಮೇಳದಲ್ಲಿ ತಾಳ ಹಾಕುವವನು ನಾನು, ಮನ್ಮಥಪ್ಪ. ಹುನಗುಂದದ ಕಡೆಯವನು. ಶಾಲೆ ನನಗೆ ಮೂರನೆಯ ಇಯತ್ತೆಗೇ ಮುಗಿಯಿತು. ನಾಶಿಕಕ್ಕೆ ಬಂದು ಮಣ್ಣು ಹೊತ್ತೆ, ಆಮೇಲೆ ವಯಸ್ಸಾದಂತೆ ಕಟ್ಟಡಗಳ ಕಾವಲಿಗೆ ಕೂತೆ. ಈಗ ಹೇಳುತ್ತಿರುವುದು ಎರಡು ಸಾವಿರದ ಹನ್ನೊಂದರ ಶ್ರಾವಣದ ಮಾತು. ಆಗ ನಾನು ಪಾಥರ್ಡಿ ಫಾಟಾದ ಹತ್ತಿರ ಏಳು ಅಂತಸ್ತಿನ ಒಂದು ಕಟ್ಟಡ ಕಾಯುತ್ತಿದ್ದೆ. ಕಟ್ಟಡ ಮುಗಿಯುತ್ತ ಬಂದಿತ್ತು. ಅದರ ಹಿಂದೆ ಕೆಲಸದವರ ತಗಡಿನ ಶೆಡ್ಡುಗಳ ಸಾಲು. ಅಲ್ಲೊಂದರಲ್ಲಿ ಸಕ್ರವ್ವ ಮತ್ತು ಅವಳ ಗಂಡ ಚನಬಸಪ್ಪ ಇದ್ದರು. ರೋಣದ ಕಡೆಯವರು. ಅವನದು ಸೆಂಟ್ರಿಂಗ್ ಕೆಲಸ, ಅವಳದು ಬುಟ್ಟಿ ಹೊರುವ ಕೆಲಸ.

ಸಕ್ರವ್ವ ಭಜನೆಗೆ ಕರೆದದ್ದು ಎರಡು ವರ್ಷದ ಹಿಂದಿನ ಯುಗಾದಿಯಂದು. ಆ ದಿನ ಸಂಘದ ಊಟ ಇತ್ತು. ಸಂಘಕ್ಕೆ ಹೊಸದಾಗಿ ವೆಬ್‌ಸೈಟ್ ಆಗಿತ್ತು. ಕಾರ್ಯದರ್ಶಿ ಕೇಶವಮೂರ್ತಿಯವರ ಮಗಳು ಚೈತನ್ಯಾ ಸಭಾಂಗಣದ ಬಾಗಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತು, ಭಜನೆಗೆ ಕರೆಯುವವರ ಹೆಸರನ್ನು ಅದಕ್ಕೆ ಹಾಕುತ್ತಿದ್ದಳು. ಸಕ್ರವ್ವ ಕೈ ಒರೆಸಿಕೊಂಡು ಹೋಗಿ ತನ್ನ ಹೆಸರು ಹೇಳಿ ಬಂದಳು. ಅಷ್ಟೇ. ಮತ್ತೆ ಆ ಮಾತು ಅವಳು ಯಾರ ಹತ್ತಿರವೂ ಎತ್ತಲಿಲ್ಲ.

ಮೊದಲ ಶ್ರಾವಣ ಹೋಯಿತು, ಎರಡನೆಯದೂ ಹೋಯಿತು. ಮೂರನೆಯದು ಬರುವ ಹೊತ್ತಿಗೆ ಕೂಲಿಯವರನ್ನು ಕರೆತರುವ ಮುಕಾದಮ ಬಂದು, ಪಂಚಮಿ ಮುಗಿದು ವಾರಕ್ಕೆ ಎಲ್ಲರೂ ಔರಂಗಾಬಾದಿನ ಸೈಟಿಗೆ ಹೊರಡಬೇಕು ಎಂದ. ಈಗ ಸಂಭಾಜಿನಗರ ಎನ್ನುವ ಊರು, ಆಗ ನಮ್ಮ ಬಾಯಲ್ಲಿ ಔರಂಗಾಬಾದ. ಅಂದು ಸಂಜೆ ನಾನು ಸಕ್ರವ್ವನ ಶೆಡ್ಡಿನ ಮುಂದೆ ಕೂತಿದ್ದೆ. ಅವಳು ರೊಟ್ಟಿ ಬಡಿಯುತ್ತಿದ್ದಳು.

“ತಂಗಿ, ಕೇಶವಮೂರ್ತಿ ಸಾಹೇಬ್ರಿಗೆ ಇನ್ನೊಮ್ಮಿ ಹೇಳಬೇಕಿತ್ತು ನೀನು” ಎಂದೆ.

“ಒಮ್ಮಿ ಕರದೀನಲ್ರಿ ಕಾಕಾ. ಮತ್ತ ಕರದ್ರ, ನೀವು ಮರತೀರಿ ಅಂತ ಹಂಗಿಸಿದಂಗ ಆಕ್ಕೈತಿ.”

“ಹಂಗಾರ ನಾನರ ಹೇಳತೀನಿ.”

“ಬ್ಯಾಡ್ರಿ. ಪಾಳಿ ಹಾರಿಸಿ ಬಂದ್ರ ನಾ ಬಾಗಲಾ ತಗ್ಯಾಂಗಿಲ್ಲ.”

“ಬಾಗಲಾ ಎಲ್ಲೈತಿ ನಿನ್ನ ಶೆಡ್ಡಿಗೆ?” ಚನಬಸಪ್ಪ ಒಳಗಿನಿಂದ ಕೇಳಿದ.

“ಪಡದಾ ಐತಲ್ಲ. ಅದನ್ನ ಎತ್ತಂಗಿಲ್ಲ” ಎಂದಳು ಸಕ್ರವ್ವ. ಆಮೇಲೆ ರೊಟ್ಟಿಯನ್ನು ಹಂಚಿಗೆ ಹಾಕುತ್ತ, ನನಗೆ ಮಾತ್ರ ಕೇಳುವ ಹಾಗೆ, “ಕಾಕಾ, ಲಗ್ನ ಆದಾಗಿಂದ ಶೆಡ್ಡಿನ್ಯಾಗ ಅದೀನಿ. ಬಿಚ್ಚತಾರ, ಕಟ್ಟತಾರ. ಭಜನಿ ಬರೂದು ಮನಿಗೆ. ಒಮ್ಮಿ ಬಂದ್ರ ಇದೂ ಮನಿ ಆಕ್ಕೈತಿ. ಅಷ್ಟ” ಎಂದಳು.

ಆತು ಬಿಡು ಎಂದು ತಲೆಯಾಡಿಸಿದೆ. ನಮ್ಮ ಕಡೆಯವರ ರೀತಿಯೇ ಅದು. ಒಮ್ಮೆ ಕರೆದರೆ ಕರೆದ ಹಾಗೆ. ಎರಡನೆಯ ಸಲ ಕರೆಯುವುದು ಬರಬೇಕಾದವರ ಮೇಲೆ ಅಪನಂಬಿಕೆ. ಅವಳು ಕಾಯುತ್ತಿದ್ದುದು ಉಪಕಾರಕ್ಕಲ್ಲ, ತನ್ನ ಪಾಳಿಗೆ.

ಶ್ರಾವಣ ಹುಟ್ಟುವ ಮೊದಲಿನ ಶನಿವಾರ ಹಾರ್ಮೋನಿಯಂ ತರಲು ಓಝರ್‌ಗೆ ಹೋದೆ. ಕೇಶವಮೂರ್ತಿಯವರು ಅಲ್ಲಿನ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞರು. ಹಾಸನದ ಕಡೆಯವರು. ಒಳ್ಳೆಯ ಮನುಷ್ಯ, ಸಂಘದ ಕೆಲಸವನ್ನು ಮನೆಯ ಕೆಲಸಕ್ಕಿಂತ ಮುತುವರ್ಜಿಯಿಂದ ಮಾಡುವವರು. ಹಾಗೆಂದು ಅವರ ಹೆಂಡತಿ ಸುಭದ್ರಮ್ಮನವರೇ ಹೇಳುತ್ತಾರೆ, ಹೊಗಳಿ ಹೇಳುವುದಿಲ್ಲ.

“ಬನ್ನಿ ಮನ್ಮಥಪ್ಪನವರೇ, ಈ ಸಲದ ಪಾಳಿ ನೋಡೇಬಿಡೋಣ” ಎಂದು ಅವರು ಕಂಪ್ಯೂಟರ್ ಮುಂದೆ ಕೂತರು. ವೆಬ್‌ಸೈಟಿಗೆ ಎರಡು ಮುಖ. ಒಂದು ಜಗತ್ತು ನೋಡುವುದು. ಇನ್ನೊಂದು ನಡೆಸುವವರು ಮಾತ್ರ ಗುಟ್ಟಿನ ಪದ ಹಾಕಿ ಒಳಹೋಗುವುದು, ಅದಕ್ಕೆ ಅಡ್ಮಿನ್ ಅನ್ನುತ್ತಾರೆ. ಅಲ್ಲಿ ಭಜನೆಗೆ ಕರೆದವರ ಹೆಸರುಗಳು ಸಾಲಾಗಿ ಕಾಣಿಸಿದವು.

“ಮೊದಲನೆಯದು ಮಾಲವಿಕಾ, ಅಂಬಡದಲ್ಲಿ ಮನೆ” ಎಂದು ಕೇಶವಮೂರ್ತಿಯವರು ಓದಿದರು.

“ಮಾಲವಿಕಾಬಾಯಿ ಸಂಘಕ್ಕ ಬಂದದ್ದ ಈ ವರ್ಷ ಅಲ್ರಿ?”

“ಇರಬಹುದು. ಹೆಸರು ಮೇಲಿದೆಯಲ್ಲ.”

ಸಕ್ರವ್ವನ ಹೆಸರು ನನ್ನ ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. “ಕೆಳಗ ಏನೈತ್ರಿ ಸಾಹೇಬ್ರ?” ಎಂದು ಮಾತ್ರ ಕೇಳಿದೆ.

“ಕೆಳಗೇನಿಲ್ಲ. ಇಷ್ಟೇ.”

ಹಿಂದೆ ಮಂಚದ ಮೇಲೆ ಕೂತು ಓದುತ್ತಿದ್ದ ಚೈತನ್ಯಾ ಪುಸ್ತಕ ಮಡಿಸಿ ಎದ್ದು ಬಂದಳು. ಕಾಲೇಜಿನಲ್ಲಿ ಕಂಪ್ಯೂಟರನ್ನೇ ಓದುವ ಹುಡುಗಿ. ಹುಟ್ಟಿದ್ದು ಬೆಳೆದದ್ದು ಇಲ್ಲೇ, ಅವಳ ಕನ್ನಡದಲ್ಲಿ ಮರಾಠಿಯ ಎಳೆ ಇದೆ.

“ಅಪ್ಪಾ, ನೀವು ಇಷ್ಟು ದಿವಸ ಇಷ್ಟೇ ನೋಡ್ತಿದ್ರಾ? ಇದು ಪಹಿಲಾ ಪೇಜ್ ನಾ. ಕೆಳಗೆ ಮೂಲೇಲಿ ನೋಡಿ, ಹಿಂದೆ ಇನ್ನೂ ಪೇಜ್‌ಗಳಿವೆ.”

ಕೇಶವಮೂರ್ತಿಯವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಮೂಲೆ ನೋಡಿದರು.

“ನಿಮ್ಮಪ್ಪ ಪೇಪರಲ್ಲೂ ಮೊದಲನೇ ಪುಟ ಮಾತ್ರ ಓದೋದು” ಎಂದು ಅಡುಗೆಮನೆಯಿಂದ ಸುಭದ್ರಮ್ಮನವರ ದನಿ ಬಂತು.

ಚೈತನ್ಯಾ ನನಗೆ ತಿಳಿಯುವ ಹಾಗೆ ಹೇಳಿದಳು. “ಅಜ್ಜಾ, ಈ ಸಾಫ್ಟ್‌ವೇರ್ ಇರೋದೇ ಹೀಗೆ. ಹೊಸದಾಗಿ ಬಂದದ್ದನ್ನ ತಲೆ ಮೇಲೆ ಕೂರಿಸುತ್ತೆ, ಹಳೇದನ್ನ ಕೆಳಗೆ ತಳ್ಳುತ್ತೆ. ಸುದ್ದಿಗೆ ಅದು ಬರೋಬರ್. ಪಾಳಿಗೆ ಉಲ್ಟಾ.”

ಅಂದರೆ ಎರಡು ವರ್ಷದಿಂದ ಪಾಳಿ ತಲೆಕೆಳಗಾಗಿ ನಡೆದಿತ್ತು. ನಿನ್ನೆ ಕರೆದವರ ಮನೆಗೆ ಇಂದು ಭಜನೆ, ಮೊದಲು ಕರೆದು ಸುಮ್ಮನಿದ್ದವರು ಪ್ರತಿ ಹೊಸ ಹೆಸರಿಗೆ ಒಂದೊಂದು ಮೆಟ್ಟಿಲು ಕೆಳಗೆ. ಕೇಶವಮೂರ್ತಿಯವರ ಮುಖ ಸಣ್ಣದಾಯಿತು. ಚೈತನ್ಯಾ ತಾರೀಖು ಎಂಬ ತಲೆಬರಹದ ಮೇಲೆ ಒತ್ತಿದಳು. ಇಡೀ ಸಾಲು ಬುಡಮೇಲಾಗಿ ತಿರುಗಿ ಕೂತಿತು. ನಾನು ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಮೊದಲನೆಯದು ಗುಂಡವ್ವ, ದೇವಳಾಲಿ ಕ್ಯಾಂಪ್. ಎರಡನೆಯದು ಸಕ್ರವ್ವ, ಪಾಥರ್ಡಿ ಫಾಟಾ.

“ಈ ಸೋಮವಾರ ದೇವಳಾಲಿ, ಮುಂದಿನ ಸೋಮವಾರ ನಿಮ್ಮ ಸೈಟು” ಎಂದರು ಕೇಶವಮೂರ್ತಿಯವರು. “ನಾಳೆ ಬೆಳಿಗ್ಗೆ ಫೋನ್ ಮಾಡಿಬಿಡ್ತೀನಿ.”

ಮುಂದಿನ ಸೋಮವಾರಕ್ಕೆ ಸಕ್ರವ್ವ ಇನ್ನೂ ನಾಶಿಕದಲ್ಲೇ ಇರುತ್ತಿದ್ದಳು. ಹಾರ್ಮೋನಿಯಂ ಹೊತ್ತು ಬಸ್ಸು ಹತ್ತುವಾಗ ಅದು ಭಾರವೇ ಅನ್ನಿಸಲಿಲ್ಲ.

ಸೋಮವಾರ ಮಧ್ಯಾಹ್ನ ಮಹಿಬೂಬ ಬಂದ. ನಮ್ಮ ಮೇಳದ ಢೋಲಕಿಯವನು, ಕುಷ್ಟಗಿಯ ಕಡೆಯ ಟೈಲ್ಸ್ ಮಿಸ್ತ್ರಿ. “ಕಾಕಾ, ಲಗೂನ ನಡೀರಿ. ಅಂಬಡಕ್ಕ ಹೋಗೂದೈತಿ” ಎಂದ.

“ದೇವಳಾಲಿ ಅಲ್ಲೇನೋ?”

“ಅಂಬಡ. ಮಾಲವಿಕಾಬಾಯಿ ಮನಿ.”

ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಭಾನುವಾರ ಬೆಳಿಗ್ಗೆ ಕೇಶವಮೂರ್ತಿಯವರು ಫೋನ್ ನಂಬರಿಗಾಗಿ ಅಡ್ಮಿನ್ ತೆರೆದಿದ್ದರು. ಮಗಳು ಸರಿಮಾಡಿದ್ದಾಳೆ ಎಂಬ ನಂಬಿಕೆಯಲ್ಲಿ, ಹೆಸರಿನ ಕಡೆ ಲಕ್ಷ್ಯ ಕೊಡದೆ, ಮೇಲಿನ ನಂಬರಿಗೆ ಫೋನ್ ಮಾಡಿ ಬರುತ್ತೇವೆ ಎಂದುಬಿಟ್ಟಿದ್ದರು. ಎತ್ತಿದವರು ಯಾರೆಂದು ತಿಳಿಯುವಷ್ಟರಲ್ಲಿ ಮಾತು ಕೊಟ್ಟಾಗಿತ್ತು. ಆ ಫೋನನ್ನು ಪೂರ್ತಿ ನಂಬಿರದ ಮಾಲವಿಕಾಬಾಯಿ ಬಾಗಿಲಲ್ಲಿ ನಮ್ಮೆಲ್ಲರನ್ನೂ ನೋಡಿ ತಬ್ಬಿಬ್ಬಾಗಿದ್ದರು.

“ಮುಂದಿನ ವರ್ಷಕ್ಕಾದರೂ ಸಿಗಲಿ ಅಂತ ಮೊನ್ನೆ ಬರೆದೆ. ನೀವು ಬಂದೇಬಿಟ್ರಲ್ಲ” ಎಂದು ಅಕ್ಕಪಕ್ಕದ ಮನೆಗಳಿಂದ ಅವಲಕ್ಕಿ ತರಿಸಿ ಪೋಹೆ ಮಾಡಿದರು. ಮಹಿಬೂಬ ಎರಡು ತಟ್ಟೆ ತಿಂದ.

ಚೈತನ್ಯಾ ಅಲ್ಲೇ ಅಪ್ಪನನ್ನು ಹಿಡಿದುಕೊಂಡಳು. “ಅಪ್ಪಾ, ಕಾಲಂ ಒತ್ತಿ ತಿರುಗಿಸೋದು ಆ ಹೊತ್ತಿಗೆ ಮಾತ್ರ. ಪೇಜ್ ಮುಚ್ಚಿ ಮತ್ತೆ ತೆರೆದ್ರೆ ಅದು ತನ್ನ ಹಳೇ ಚಾಳಿಗೆ ಹೋಗುತ್ತೆ. ನಾನು ಹೇಳಬೇಕಿತ್ತು.”

“ಹಾಗಾದ್ರೆ ಅದರ ಚಾಳಿನೇ ಬಿಡಿಸು” ಎಂದರು ಕೇಶವಮೂರ್ತಿಯವರು.

ಬಿಡಿಸಲು ಕೂತಳು. ವೆಬ್‌ಸೈಟಿನ ಒಳಗೆ ಎಲ್ಲೋ ನಾಲ್ಕು ಸಾಲು ಬರೆದರೆ, ಪುಟ ತೆರೆದಾಗಲೆಲ್ಲ ಹಳೆಯದೇ ಮೇಲೆ ಬರುವಂತೆ ಮಾಡಬಹುದಂತೆ. ಬುಧವಾರ ಬರೆದಳು. ಗುರುವಾರ ನಾಗರಪಂಚಮಿ. ಬೆಳಿಗ್ಗೆಯಿಂದ ಸುಭದ್ರಮ್ಮನವರ ಫೋನ್ ಬಿಡುವಿಲ್ಲದೆ ರಿಂಗಾಯಿತಂತೆ. ಒಬ್ಬರು ಯುಗಾದಿ ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ಇನ್ನೊಬ್ಬರು ಹೋಳಿಗೆ ಇದೆಯೋ ಇಲ್ಲವೋ ಎಂದರು. ಸಟಾಣಾದಿಂದ ಒಂದು ಕುಟುಂಬ ಹೊಸ ಬಟ್ಟೆ ಉಟ್ಟು, ದಾಳಿಂಬೆಯ ಬುಟ್ಟಿ ಹಿಡಿದು ಸಂಘದ ಸಭಾಂಗಣದ ಬೀಗದ ಮುಂದೆ ಬಂದು ನಿಂತಿತ್ತು. ಪಂಚಮಿಯ ದಿನ ಯುಗಾದಿಯ ಊಟ ಯಾಕೆ ಎಂದು ಅವರಿಗೂ ಅನುಮಾನ ಬಂದಿತ್ತಂತೆ, ಆದರೆ ಊಟವನ್ನು ಯಾಕೆ ಬಿಡಬೇಕು ಎಂದು ಬಂದಿದ್ದರು.

ಆದದ್ದೇನೆಂದರೆ, ಚೈತನ್ಯಾ ಪಾಳಿಯ ಜೊತೆಗೆ ಇಡೀ ವೆಬ್‌ಸೈಟನ್ನೇ ತಿರುಗಿಸಿಬಿಟ್ಟಿದ್ದಳು. ‘ಹಬ್ಬದ ದಿನ ಊಟಕ್ಕೆ ಬನ್ನಿ’ ಎಂಬ ಹಳೆಯ ಯುಗಾದಿಯ ಆಮಂತ್ರಣ, ಸುಭದ್ರಮ್ಮನವರ ನಂಬರಿನ ಸಮೇತ, ಎಲ್ಲರಿಗೂ ಕಾಣುವ ಮುಖಪುಟದ ನೆತ್ತಿಗೆ ಬಂದು ಕೂತಿತ್ತು. ಸುಭದ್ರಮ್ಮನವರು ಸಟಾಣಾದವರನ್ನು ಮನೆಗೆ ಕರೆಸಿ ಪಂಚಮಿಯ ಉಂಡೆ ತಿನ್ನಿಸಿ ಕಳಿಸಿದರು.

“ಅಜ್ಜಾ, ಅಡುಗೆಮನೆ ಡಬ್ಬಿ ಜೋಡಿಸೋಕೆ ಹೋಗಿ ಹೊರಗಿನ ಬೋರ್ಡೂ ತಿರುಗಿಸಿದೆ” ಎಂದು ಚೈತನ್ಯಾ ಫೋನಿನಲ್ಲಿ ನಗುತ್ತ ಹೇಳಿದಳು. “ಈಗ ಸರಿ ಮಾಡಿದೀನಿ. ಅಡ್ಮಿನ್ ಒಳಗೆ ಮಾತ್ರ, ಪಾಳಿಯ ಸಾಲಿಗೆ ಮಾತ್ರ. ಯಾರಾದ್ರೂ ತಾವೇ ಕಾಲಂ ಒತ್ತಿದ್ರೆ ಅವರ ಖುಷಿ. ಒತ್ತದೇ ಇದ್ರೆ ಮೊದಲು ಕರೆದವರೇ ಮೇಲೆ. ಭಜನೆ ಆದವರ ಹೆಸರಿಗೆ ‘ಆಯಿತು’ ಅಂತ ಒತ್ತಿದ್ರೆ ಸಾಲಿನಿಂದ ಹೋಗುತ್ತೆ.”

“ಈಗ ಮ್ಯಾಲ ಯಾರದಾರವ್ವ?”

“ಗುಂಡವ್ವ. ಆದ್ರೆ ಅವರ ನಂಬರ್ ಹತ್ತುತ್ತಾ ಇಲ್ಲ. ಊರಲ್ಲಿ ಇದಾರೋ ಇಲ್ವೋ.”

ಆಗ ನಾನು ಬಾಯಿ ಹಾಕಿದೆ. “ಎಲ್ಲಿಗೆ ಹೋಗತಾರ? ಸುಬೇದಾರನ ಹೆಂಡತಿ ಆಕಿ. ಸ್ಟೇಷನ್ ರಸ್ತೆ, ಹಿಟ್ಟಿನ ಗಿರಣಿ ಹಿಂದ, ಹಸರ ಬಾಗಲಾ. ನಾ ಕಣ್ಣು ಮುಚ್ಚಿ ಕರಕೊಂಡು ಹೋಗತೀನಿ.”

ನನ್ನ ನೆನಪಿನ ಮೇಲೆ ಮೇಳದವರಿಗೆಲ್ಲ ಬಹಳ ಭರವಸೆ. ಸೋಮವಾರ ಸಂಜೆ ದೇವಳಾಲಿಗೆ ಹೋದೆವು. ಗಿರಣಿ ಇತ್ತು, ಹಸಿರು ಬಾಗಿಲು ಇತ್ತು. ಹೊರಗೆ ನಿಂತು ಒಂದು ಪದ ಎತ್ತಿದೆವು. ಬಾಗಿಲು ತೆರೆದದ್ದು ಗುಂಡವ್ವ ಅಲ್ಲ, ಗಢವಾಲದ ಕಡೆಯ ಒಬ್ಬ ಹೆಣ್ಣುಮಗಳು, ಸೆರಗಿನಲ್ಲಿ ಕೂಸು. ಸುಬೇದಾರನಿಗೆ ಹೋದ ವರ್ಷವೇ ಬದಲಿಯಾಗಿ ಆ ಕುಟುಂಬ ಜಬಲ್‌ಪುರಕ್ಕೆ ಹೋಗಿತ್ತು.

ಬಾಗಿಲಲ್ಲಿ ಪದ ಎತ್ತಿದ ಮೇಲೆ ಮಂಗಳ ಹಾಡದೆ ತಿರುಗುವ ರೂಢಿ ನಮ್ಮಲ್ಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ಹಾಡುತ್ತಲೇ ನಿಂತೆವು. ಅಷ್ಟರಲ್ಲಿ ಅವಳ ಗಂಡ ಹವಾಲ್ದಾರ ಡ್ಯೂಟಿ ಮುಗಿಸಿ ಸೈಕಲ್ ಮೇಲೆ ಬಂದ. ತನ್ನ ಬಾಗಿಲಲ್ಲಿ ಢೋಲಕಿ ನೋಡಿ ಒಂದು ಗಳಿಗೆ ನಿಂತು, “ಆಯಿಯೇ, ಅಂದರ್ ಆಯಿಯೇ” ಎಂದ. ಮಾತು ಒಂದೂ ತಿಳಿಯದ ಆ ಮನೆಯಲ್ಲಿ ಎಲ್ಲ ಪದಗಳನ್ನೂ ಹಾಡಿದೆವು. ಹವಾಲ್ದಾರ ತನ್ನ ಬೆಟ್ಟದ ಕಡೆಯ ಹಾಡೊಂದು ಹೇಳಿದ. ಮಹಿಬೂಬ ಎರಡನೆಯ ಸಾಲಿಗೇ ಅದರ ಠೇಕಾ ಹಿಡಿದ. ಕೂಸು ಕೈ ಬಡಿದು ಬಡಿದು ಅಲ್ಲೇ ನಿದ್ದೆ ಹೋಯಿತು.

ವಾಪಸು ಬರುವಾಗ ಕೇಶವಮೂರ್ತಿಯವರು ಹೇಳಿದರು, “ಮನ್ಮಥಪ್ಪನವರೇ, ನಿಮ್ಮ ನೆನಪಲ್ಲಿ ಒಂದಿಷ್ಟೂ ತಪ್ಪಿಲ್ಲ. ಗಿರಣಿ ಅಲ್ಲೇ ಇತ್ತು, ಬಾಗಿಲೂ ಹಸಿರೇ ಇತ್ತು.”

ಜೀಪಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನಸ್ಸು ಸಕ್ರವ್ವನ ಹತ್ತಿರ ಇತ್ತು. ಅವಳ ಸೋಮವಾರ ಹವಾಲ್ದಾರನ ಮನೆಯಲ್ಲಿ ಮುಗಿದಿತ್ತು.

ಸೈಟಿಗೆ ಬಂದಾಗ ಅವಳು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದಳು. ನನ್ನ ಕೈಯಲ್ಲಿನ ತಾಳ ನೋಡಿ, “ಇವತ್ತ ಎಲ್ಲಿಗೆ ಹೋಗಿತ್ರಿ ಭಜನಿ?” ಎಂದಳು. ಹೇಳಿದೆ. ಹವಾಲ್ದಾರನ ಹಾಡನ್ನೂ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಮುಂದಿನ ಸೋಮವಾರ ನಿಂದ ಪಾಳಿ, ತಂಗಿ.”

ನಗು ಹಾಗೇ ಇತ್ತು, ಕೈ ಮಾತ್ರ ನಿಂತಿತು. “ಗುರುವಾರ ಲಾರಿ ಬರತೈತಿ ಕಾಕಾ. ನಮ್ಮ ಹಿಂದಿನವರಿಗೆ ಕೊಡ್ರಿ. ಅವರೂ ಕಾದಿರತಾರ.”

ಗುರುವಾರ ಲಾರಿ ಬಂತು. ತಗಡುಗಳನ್ನು ಬಿಚ್ಚಿ ಲಾರಿಗೆ ಹೇರಿ, ಅವುಗಳ ಮೇಲೆ ಪಾತ್ರೆ, ಹಾಸಿಗೆ, ಮನುಷ್ಯರು. ಸಕ್ರವ್ವನ ಶೆಡ್ ಇದ್ದ ಜಾಗದಲ್ಲಿ ಹುಲ್ಲು ಬೆಳೆಯದ ಒಂದು ಚೌಕ ಉಳಿಯಿತು.

ಶನಿವಾರ ನಾನು ಮತ್ತೆ ಓಝರ್‌ಗೆ ಹೋದೆ. ಕೇಶವಮೂರ್ತಿಯವರು ಅಡ್ಮಿನ್ ತೆರೆದರು. ಗುಂಡವ್ವನ ಹೆಸರಿಗೆ ‘ಆಯಿತು’ ಒತ್ತಿಯಾಗಿತ್ತು, ಈಗ ನೆತ್ತಿಯ ಮೇಲೆ ಸಕ್ರವ್ವನ ಹೆಸರು.

“ಇವರು ಊರು ಬಿಟ್ಟರಲ್ಲ” ಎಂದು ಮಗಳ ಕಡೆ ನೋಡಿದರು. “ಏನು ಮಾಡೋದು? ನಾವು ಈವರೆಗೆ ನಾಶಿಕ ಜಿಲ್ಲೆ ದಾಟಿ ಹೋಗಿಲ್ಲ.”

“ಬೇಡ ಅಂದ್ರೆ ಅಳಿಸಿ, ಅಪ್ಪಾ. ಹಾಡಿ ಬಂದ್ರೆ ‘ಆಯಿತು’ ಒತ್ತಿ. ಎರಡೂ ಮಾಡದೇ ಇದ್ರೆ ತೆರೆದಾಗಲೆಲ್ಲ ಮೊದಲು ಇವರೇ ಕಾಣ್ತಾರೆ.”

ಕೇಶವಮೂರ್ತಿಯವರು ಪುಟ ಮುಚ್ಚಿದರು. ಸ್ವಲ್ಪ ಹೊತ್ತು ಕೂತು ಮತ್ತೆ ತೆರೆದರು. ಸಕ್ರವ್ವ ಇದ್ದಳು. ಚಹಾ ಕುಡಿದು ಬಂದು ಮತ್ತೊಮ್ಮೆ ತೆರೆದರು. ಅಲ್ಲೇ ಇದ್ದಳು. ಮೌಸನ್ನು ಅಳಿಸುವ ಗುಂಡಿಯ ಹತ್ತಿರ ಒಯ್ದರು, ವಾಪಸು ತಂದರು. ನಾನು ಏನೂ ಹೇಳಲಿಲ್ಲ. ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟ ಹಾಗೆಯೇ ಆಗಿತ್ತು.

ಸುಭದ್ರಮ್ಮನವರು ಸೊಪ್ಪು ಬಿಡಿಸುತ್ತ ಅದನ್ನೆಲ್ಲ ನೋಡುತ್ತಿದ್ದರು. “ಎಷ್ಟು ಸಲ ತೆರೀತೀರಿ? ಅವಳು ಅಲ್ಲಿಂದ ಎಲ್ಲೂ ಹೋಗಲ್ಲ. ನೀವೇ ಹೋಗಬೇಕು.”

“ಔರಂಗಾಬಾದ್ ಕಣೇ. ಹೋಗೋಕೇ ಅರ್ಧ ದಿನ ಬೇಕು.”

“ಸೋಮವಾರ ಆಗಸ್ಟ್ ಹದಿನೈದು. ಬೆಳಿಗ್ಗೆ ಬಾವುಟ ಹಾರಿಸಿದ ಮೇಲೆ ನಿಮಗೇನು ಕೆಲಸ? ಮಲಗ್ತೀರಿ. ಜೀಪಲ್ಲೇ ಮಲಗಿ.”

ಕೇಶವಮೂರ್ತಿಯವರು ಫೋನ್ ಎತ್ತಿಕೊಂಡು ನನ್ನ ಹತ್ತಿರ ಚನಬಸಪ್ಪನ ನಂಬರ್ ಕೇಳಿದರು. ಸ್ಪೀಕರ್ ಹಾಕಿದರು. ಚನಬಸಪ್ಪ ಎತ್ತಿದ.

“ಸಾಹೇಬ್ರ, ಇಲ್ಲಿ ಇನ್ನ ಶೆಡ್ ಎದ್ದಿಲ್ಲರೀ. ನಾಕ ಬಂಬು ನಿಲ್ಲಿಸಿ ತಾಡಪತ್ರಿ ಹೊಚ್ಚೇವಿ. ನಿಮ್ಮನ್ನ ಎಲ್ಲಿ ಕುಂಡ್ರಸೂಣು?” ಎನ್ನುವಷ್ಟರಲ್ಲಿ ಸಕ್ರವ್ವ ಫೋನ್ ಕಸಿದುಕೊಂಡಳು.

“ಸಾಹೇಬ್ರ, ಖರೇ ಹೇಳ್ರಿ. ಪಾಳಿ ಐತಂತ ಬರಾಕ್ಹತ್ತೀರೋ, ಪಾಪ ಅಂತ ಬರಾಕ್ಹತ್ತೀರೋ?”

ಕೇಶವಮೂರ್ತಿಯವರು ನೆಟ್ಟಗೆ ಕೂತರು. “ನೋಡಿಯಮ್ಮ, ನನ್ನ ಮುಂದೆ ಸಾಲು ತೆರೆದಿದೆ. ಮೊದಲನೇ ಹೆಸರು ನಿಮ್ಮದು. ನಿಮ್ಮ ಮನೇಲಿ ಹಾಡದೆ ಮುಂದಿನವರ ಮನೆಗೆ ಕಾಲಿಡೋ ಹಾಗಿಲ್ಲ. ನೀವು ಬೇಡ ಅಂದ್ರೆ ನಮ್ಮ ಭಜನೆನೇ ನಿಂತುಹೋಗುತ್ತೆ.”

“ಪಾಳಿನ ಐತಂತ ನೋಡ” ಎಂದು ಆ ಕಡೆ ಅವಳು ಗಂಡನಿಗೆ ಹೇಳಿದ್ದು ಕೇಳಿಸಿತು.

“ಹಂಗಾರ ಬರ್ರಿ” ಎಂದಳು. “ಎಷ್ಟ ಮಂದಿ ಬರತೀರಿ ಹೇಳ್ರಿ, ಗೋದಿ ನೆನಿಹಾಕಬೇಕು.”

ಸೋಮವಾರ ಬಾವುಟದ ಪೇಡೆ ತಿಂದು ಹೊರಟೆವು. ನಿಫಾಡಿನ ಬಯಲಲ್ಲಿ ಉಳ್ಳಾಗಡ್ಡಿಯ ವಾಸನೆ, ಯೇವಲೆಯಲ್ಲಿ ಕೈಬಾವುಟ ಹಿಡಿದ ಶಾಲೆಯ ಮಕ್ಕಳು. ವೈಜಾಪುರ ದಾಟಿದ ಮೇಲೆ ಹತ್ತಿಯ ಹೊಲಗಳು, ಮೇಲೆ ಕಟ್ಟುತ್ತಿದ್ದ ಮೋಡ. ಕೇಶವಮೂರ್ತಿಯವರು ಒಂದು ಗಳಿಗೆಯೂ ಮಲಗಲಿಲ್ಲ. ಸುಭದ್ರಮ್ಮನವರು ದಾರಿಯುದ್ದಕ್ಕೂ ಮಲಗಿದರು.

ಚಿಕಲಠಾಣಾದ ಆಚೆ ಸೈಟು. ಅಂದು ಕೆಲಸಕ್ಕೆ ರಜೆ. ಚನಬಸಪ್ಪ ಹೇಳಿದ್ದು ನಿಜವೇ ಆಗಿತ್ತು. ನಾಲ್ಕು ಬಿದಿರು ನಿಂತಿದ್ದವು, ತಗಡುಗಳು ಇನ್ನೂ ನೆಲದ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಸಕ್ರವ್ವ 'ಬರ್ರಿ' ಎನ್ನಲು ಬಾಯಿ ತೆರೆದು, ಎಲ್ಲಿಗೆ ಎಂದು ತಿಳಿಯದೆ ನಿಂತಳು.

ಮಹಿಬೂಬ ಢೋಲಕಿ ಕೆಳಗಿಟ್ಟು ತೋಳು ಮಡಿಸಿದ. “ಕಾಕಾ, ಮನಿಗೆ ಬಂದು ಹಾಡೂದು ಹಳೇ ಪದ್ಧತಿ ಆತು. ಇವತ್ತ ಮನಿ ಕಟ್ಟಿ ಹಾಡೂಣು.”

ಎಲ್ಲರೂ ಕೈ ಹಾಕಿದೆವು. ಬಿದಿರು ನೆಟ್ಟವರು ಒಬ್ಬರು, ತಂತಿ ಬಿಗಿದವರು ಒಬ್ಬರು. ಕೇಶವಮೂರ್ತಿಯವರು ವಿಮಾನಕ್ಕೆ ತಗಡು ಹೊಂದಿಸುವ ಕೈಯವರು. ಪ್ರತಿ ತಗಡಿನ ಅಂಚಿಗೂ ಕಣ್ಣು ಕೂಡಿಸಿ, “ಬಲಗಡೆ ಅರ್ಧ ಇಂಚು ವಾಲಿದೆ, ಎತ್ತಿ” ಎನ್ನುತ್ತ ನಿಂತರು.

“ಸಾಹೇಬ್ರ, ಇದು ಹಾರೂದಲ್ರಿ” ಎಂದ ಚನಬಸಪ್ಪ, ಮೇಲೆ ಕೂತು ಮೊಳೆ ಹೊಡೆಯುತ್ತ.

“ಹಾರಬಾರದು ಅಂತಲೇ ನೋಡ್ತಿರೋದು. ಎತ್ತಿ ಅರ್ಧ ಇಂಚು.”

ಹೆಂಗಸರು ಮೂರು ಇಟ್ಟಿಗೆಯ ಒಲೆ ಹೂಡಿ ಗೋಧಿ ಹುಗ್ಗಿಗೆ ಇಟ್ಟಿದ್ದರು. ಪಕ್ಕದ ಶೆಡ್ಡಿನ ಮಂದಾಕಿನಿ, ಸಿಲ್ಲೋಡಿನ ಕಡೆಯ ಮರಾಠಿ ಹೆಣ್ಣುಮಗಳು, ಒಂದು ಚರಿಗೆ ಹಾಲು ತಂದು ಕೊಟ್ಟು ಅಲ್ಲೇ ಕೂತಳು. ಚೈತನ್ಯಾ ಬೆಲ್ಲ ಜಜ್ಜಲು ಹೋಗಿ ಬೆರಳು ಜಜ್ಜಿಕೊಂಡಳು. ಸುಭದ್ರಮ್ಮನವರೂ ಸಕ್ರವ್ವನೂ ಹುಗ್ಗಿಗೆ ಏಲಕ್ಕಿ ಹಾಕಬೇಕೋ ಗಸಗಸೆ ಹಾಕಬೇಕೋ ಎಂದು ವಾದ ಮಾಡಿ, ಎರಡನ್ನೂ ಹಾಕಿದರು.

ಸಂಜೆಯಾಗುವ ಹೊತ್ತಿಗೆ ನಾಲ್ಕು ಗೋಡೆ ಎದ್ದವು, ಮೇಲೆ ಮಾಡು ಬಂತು. ದಣಿದು ಎಲ್ಲರೂ ಒಳಗೇ ಕೂತಿದ್ದೆವು. ಮಹಿಬೂಬ ಢೋಲಕಿಗೆ ಕೈ ಹಾಕಿದ. ಸಕ್ರವ್ವ ಸೀರೆ ಬದಲಿಸಿ, ತಂಬಿಗೆ ಹಿಡಿದು ಬಂದವಳು ಬಾಗಿಲಲ್ಲಿ ನಿಂತುಬಿಟ್ಟಳು.

“ಮೊದಲ ಎಲ್ಲಾರೂ ಹೊರಗ ನಡೀರಿ” ಎಂದಳು.

“ಯಾಕಬೇ?” ಎಂದ ಗಂಡ.

“ಭಜನಿಯವರಿಗೆ ಕಾಲಿಗೆ ನೀರ ಹಾಕಿ ಒಳಗ ಕರೀಬೇಕು. ಒಳಗ ಕುಂತವರನ್ನ ಹ್ಯಾಂಗ ಕರೀಲಿ?”

ಎದ್ದೆವು. ಒಬ್ಬೊಬ್ಬರಾಗಿ ಹೊರಗೆ ಹೋದೆವು. “ಇನ್ನ ದೂರ, ರಸ್ತೆಮಟಾ” ಎಂದು ಕೈ ಮಾಡಿದಳು. ರಸ್ತೆಯವರೆಗೆ ಹೋಗಿ, ತಿರುಗಿ, ಪದ ಎತ್ತಿಕೊಂಡು ಸಾಲಾಗಿ ಬಂದೆವು. ಬೇರೆ ಶೆಡ್ಡುಗಳ ಜನರೂ ಹಿಂದೆ ಸೇರಿಕೊಂಡರು. ಮುಂದೆ ತಾಳ ಹಿಡಿದು ನಾನು. ಅವಳು ನನ್ನ ಕಾಲಿಗೆ ನೀರು ಹಾಕಿದಳು. ಹಾಕುವ ಅವಸರದಲ್ಲಿ ಅರ್ಧ ನೀರು ಕೇಶವಮೂರ್ತಿಯವರ ಪ್ಯಾಂಟಿನ ಮೇಲೆ ಹೋಯಿತು. ಸೆರಗು ಸರಿಮಾಡಿಕೊಂಡು ಅಂದಳು.

“ಒಳಗ ಬರ್ರಿ.”

ಮೊದಲ ಪದ ಮುಗಿದಿತ್ತು, ಎರಡನೆಯದು ನಡೆದಿತ್ತು. ಆಗ ಮಳೆ ಬಂತು. ಹನಿ ಹನಿಯಾಗಿ ಅಲ್ಲ, ಮರಾಠವಾಡದ ಮಳೆ, ಒಮ್ಮೆಗೇ ಸುರಿಯಿತು. ಹೊಸ ಮಾಡಿನ ಮೇಲೆ ಅದರ ಸಪ್ಪಳಕ್ಕೆ ಹಾರ್ಮೋನಿಯಂ ಮುಳುಗಿತು, ತಾಳ ಮುಳುಗಿತು. ಹೊರಗಿದ್ದವರೆಲ್ಲ ಒಳಗೆ ನುಗ್ಗಿದರು. ಮಂದಾಕಿನಿ ಹುಗ್ಗಿಯ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಮಹಿಬೂಬ ಢೋಲಕಿಯಿಂದ ಕೈ ತೆಗೆದು ಮೇಲೆ ನೋಡಿ, ಮಳೆಯೇ ಬಾರಿಸಲಿ ಎಂಬಂತೆ ಕೈ ಕಟ್ಟಿ ಕೂತ. ನಾವು ಗಂಟಲು ಹರಿಯುವಷ್ಟು ಎತ್ತರಿಸಿ ಹಾಡಿದೆವು. ಪದ ಗೊತ್ತಿಲ್ಲದವರೂ ಕೂಗಿದರು.

ಸಕ್ರವ್ವ ಮಾತ್ರ ಹಾಡುತ್ತಿರಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಒಂದು ಮೂಲೆಗೆ ಹೋಗಿ ಮೇಲೆ ನೋಡಿದಳು. ಇನ್ನೊಂದು ಮೂಲೆಗೆ ಹೋಗಿ ತಗಡಿನ ಜೋಡಣೆಯ ಕೆಳಗೆ ಅಂಗೈ ಹಿಡಿದಳು. ಅಂಗೈ ಒಣಗಿಯೇ ಇತ್ತು. ನನ್ನ ಹತ್ತಿರ ಬಂದಳು. ಮಳೆಯ ಸದ್ದಿಗೆ ಕಿವಿಯಲ್ಲೇ ಹೇಳಬೇಕಾಯಿತು.

“ಸೋರವಲ್ದು ನೋಡ್ರಿ ಕಾಕಾ, ನಮ್ಮ ಮನಿ.”

ಅದನ್ನೇ ಕೇಶವಮೂರ್ತಿಯವರಿಗೆ ಹೇಳಿದಳು. ಅವರು ತಲೆಯಾಡಿಸಿ, ಬಲಗಡೆಯ ಅಂಚನ್ನು ಬೆರಳಿನಿಂದ ತೋರಿಸಿದರು. ಮಂದಾಕಿನಿಗೆ ಮರಾಠಿಯಲ್ಲಿ ಹೇಳಿದಳು. ಬಾಗಿಲಲ್ಲಿ ಒದ್ದೆಯಾಗಿ ನಿಂತಿದ್ದ ಬಿಹಾರದ ಹುಡುಗರಿಗೆ ಹಿಂದಿಯಲ್ಲಿ ಹೇಳಿ, ಒಳಗೆ ಎಳೆದು ಕೂರಿಸಿದಳು. ಆಮೇಲೆ ಹುಗ್ಗಿ ಬಡಿಸುತ್ತ ಬಂದವಳು ನನ್ನ ತಟ್ಟೆಯ ಮುಂದೆ ನಿಂತು, ನನಗೆ ಮೊದಲೇ ಹೇಳಿದ್ದು ಮರೆತು, ಮತ್ತೆ ಅದನ್ನೇ ಹೇಳಿದಳು.